ಉಚಿತ ವಕೀಲರಿಗೆ ಬಿಪಿಎಲ್ ಕಾರ್ಡ್ ಬೇಕೇ ಬೇಕಾ?

‘ಬಿಪಿಎಲ್ ಕಾರ್ಡ್ ಇಲ್ಲದಿದ್ದರೆ ಸರ್ಕಾರದಿಂದ ಉಚಿತ ವಕೀಲರು ಸಿಗಲ್ಲ’ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಇದನ್ನು ನಂಬಿ ಎಷ್ಟೋ ಹೆಣ್ಣುಮಕ್ಕಳು ಸುಮ್ನೆ ಮನೆಯಲ್ಲಿ ಕೂರುವಂತಾಗಬಾರದು.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ನೋಡಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ನೆರೆ ಸಂತ್ರಸ್ತರು, ಜೈಲಿನಲ್ಲಿರುವವರು, ಇವರಿಗೆಲ್ಲ ಆದಾಯದ ಮಿತಿಯೇ ಇಲ್ಲ. ಮೇಲ್ನೋಟಕ್ಕೆ ಕೇಸಿನಲ್ಲಿ ಹುರುಳಿದ್ದರೆ ಸಾಕು. ಉಳಿದವರಿಗೆ ಮಾತ್ರ ಆದಾಯ ನೋಡುತ್ತಾರೆ. ಅದಕ್ಕೂ ಸಾಮಾನ್ಯವಾಗಿ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ) ನಡೆಯುತ್ತದೆ.

ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವೆಗಳ ಸಮಿತಿ ಎಲ್ಲಿ ಎಂದು ಕೇಳಿ. ಬರೆಯಲು ಬರದಿದ್ದರೆ ಬಾಯಲ್ಲೇ ಹೇಳಿ, ಅವರೇ ಬರೆದುಕೊಳ್ಳಬೇಕು. ವಕೀಲರ ಫೀಸ್ ಜೊತೆಗೆ ಕೋರ್ಟ್ ಶುಲ್ಕವನ್ನೂ ಅವರೇ ಭರಿಸುತ್ತಾರೆ. ಸಹಾಯವಾಣಿ: 15100.