‘ಸರ್ ಹೇಳಿದಂತೆ ಸರಿಪಡಿಸಲಾಗಿದೆ’

ನಮ್ಮ ಸಾಫ್ಟ್‌ವೇರ್ ಬಾಂಧವರ ವಿನಯವನ್ನು ಅರಿಯಬೇಕಾದರೆ ಅವರ ಕಮಿಟ್ ಸಂದೇಶಗಳನ್ನು, ಅಂದರೆ ಕೋಡಿನ ಬದಲಾವಣೆಯನ್ನು ದಾಖಲಿಸುವಾಗ (ಕಮಿಟ್ ಮಾಡುವಾಗ) ಜೊತೆಗೆ ಬರೆಯುವ ಟಿಪ್ಪಣಿಗಳನ್ನು ಓದಬೇಕು. 43 ಫೈಲುಗಳನ್ನು ಬುಡಮೇಲು ಮಾಡಿ, ಲಾಗಿನ್ ವ್ಯವಸ್ಥೆಯನ್ನೇ ಕಿತ್ತು ಮರಳಿ ಕಟ್ಟಿ, ಅದರ ಮುಂದೆ ‘ಮೈನರ್ ಚೇಂಜಸ್’ ಎಂಬ ಎರಡೇ ಪದ ಬರೆದು ಕ್ಯಾಬ್ ಹತ್ತುವಷ್ಟು ನಿರಹಂಕಾರ ಬೇರಾವ ವೃತ್ತಿಯಲ್ಲೂ ಕಾಣಸಿಗದು. ತಾಲ್ಲೂಕು ಕಚೇರಿಯ ಗುಮಾಸ್ತರು ಕೂಡ ಕಡತದಲ್ಲಿ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದಾದರೂ ಬರೆಯುತ್ತಾರೆ. ಮೇಲೆಲ್ಲೋ ಒಂದು ವಿಷಯವಿದೆಯೆಂಬ ಭರವಸೆ ಓದುವವನಿಗೆ ಉಳಿಯುತ್ತದೆ.

ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಕಟ್ಟುವ ತಂಡವು ಕೋಡಿನ ಬದಲಾವಣೆಗಳ ಲೆಕ್ಕವಿಡಲು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಸಾಫ್ಟ್‌ವೇರ್‌ನ ಉಚಿತ ಪರವಾನಗಿ ಕೈತಪ್ಪಿದಾಗ, 2005ರ ಏಪ್ರಿಲ್‌ನಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅದೇ ಕೆಲಸಕ್ಕೆ ಗಿಟ್ ಬರೆದರು. ಯಾರು, ಯಾವ ದಿನ, ಎಷ್ಟು ಗಂಟೆಗೆ, ಯಾವ ಸಾಲು ಅಳಿಸಿ ಯಾವ ಸಾಲು ಸೇರಿಸಿದರು ಎಂಬುದೆಲ್ಲವೂ ಅದರಲ್ಲಿ ದಾಖಲಾಗಿರುತ್ತದೆ. ಏಕೆ ಬದಲಿಸಿದಿರಿ ಎಂಬುದಷ್ಟನ್ನು ಮಾತ್ರ ಮನುಷ್ಯನೇ ಹೇಳಬೇಕು. ಸಂದೇಶ ಖಾಲಿ ಬಿಟ್ಟರೆ ಗಿಟ್ ಸಾಮಾನ್ಯವಾಗಿ ಕಮಿಟ್ ಮಾಡಲು ಒಪ್ಪುವುದಿಲ್ಲವಾದ್ದರಿಂದ ನಮ್ಮವರು ಒಂದು ಚುಕ್ಕೆ ಇಟ್ಟು ಮುಂದುವರಿಯುತ್ತಾರೆ. ಚುಕ್ಕೆ ಇಟ್ಟಾಯಿತು, ರಂಗೋಲಿಯನ್ನು ಮುಂದೆ ಬರುವವರು ಎಳೆದುಕೊಳ್ಳಲಿ.

ಕರ್ನಲ್ ತಂಡದ ಕಟ್ಟುಪಾಡು ಬೇರೆ. ಇದ್ದ ತೊಂದರೆ ಏನು, ಅದರಿಂದ ಬಳಕೆದಾರನಿಗೆ ಆಗುತ್ತಿದ್ದುದೇನು ಎಂಬುದನ್ನು ಬರೆಯಬೇಕು. ಒಂದು ಪ್ಯಾಚಿನಲ್ಲಿ, ಅಂದರೆ ಕಳುಹಿಸುವ ಒಂದು ತಿದ್ದುಪಡಿಯಲ್ಲಿ, ಒಂದೇ ಸಮಸ್ಯೆ ಪರಿಹರಿಸಬೇಕು. ಕೆಳಗೆ ಹೆಸರು ಹಾಕಿ ಹೊಣೆ ಹೊರಬೇಕು. ನಮ್ಮಲ್ಲಿ ಅಷ್ಟು ಬರೆಯಲು ಹೇಳಿದರೆ, “ಕೆಲಸ ಮಾಡೋದಾ, ಪ್ರಬಂಧ ಬರೆಯೋದಾ?” ಎಂಬ ಪ್ರಶ್ನೆ ಬರುತ್ತದೆ. ಹಾಗೆ ಕೇಳಿದವರೇ ವರ್ಷಾಂತ್ಯದ ಅಪ್ರೈಸಲ್ ಫಾರಂನಲ್ಲಿ ಅದೇ ‘ಮೈನರ್ ಚೇಂಜಸ್’ ಕುರಿತು ಎರಡು ಪುಟ ತುಂಬಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಮ್ಮೆ ನಮ್ಮ ತಂಡದಲ್ಲಿ ಬಡ್ಡಿಯ ಲೆಕ್ಕ ಕೆಲವು ಪೈಸೆಗಳಷ್ಟು ತಪ್ಪಿ, ರಾತ್ರಿ 11 ಗಂಟೆಗೆ ನಾಲ್ವರು ಒಂದು ಪರದೆಯ ಮುಂದೆ ಕುಳಿತೆವು. ಗಿಟ್ ಬೈಸೆಕ್ಟ್ ಎಂಬ ಸೌಲಭ್ಯವು ಪ್ರತಿ ಸಲ ಅರ್ಧದಷ್ಟು ಕಮಿಟ್‌ಗಳನ್ನು ತಳ್ಳಿಹಾಕುತ್ತ ಹೋಗುವುದರಿಂದ, ಸಾವಿರ ಕಮಿಟ್‌ಗಳ ನಡುವೆ ಅಡಗಿದ ಅಪರಾಧಿಯೂ ಸುಮಾರು ಹತ್ತು ಪರೀಕ್ಷೆಗಳಲ್ಲಿ ಸಿಕ್ಕಿಬೀಳುತ್ತಾನೆ. ಸಿಕ್ಕಿಯೂ ಬಿದ್ದ. ಪೈಸೆಯನ್ನು ರೂಪಾಯಿಗೆ ಪೂರ್ಣಾಂಕಗೊಳಿಸುವ ಸಾಲೊಂದು ಬದಲಾಗಿತ್ತು. ಸಂದೇಶದಲ್ಲಿ ‘ಸರ್ ಹೇಳಿದಂತೆ ಸರಿಪಡಿಸಲಾಗಿದೆ’ ಎಂದಿತ್ತು. ಯಾವ ಸರ್? ಆ ಕುರ್ಚಿಯಲ್ಲಿ ಎರಡು ವರ್ಷಗಳಲ್ಲಿ ನಾಲ್ವರು ಸರ್‌ಗಳು ಕುಳಿತು ಎದ್ದುಹೋಗಿದ್ದರು, ಬರೆದ ಹುಡುಗನೂ ಬೇರೆ ಕಂಪನಿ ಸೇರಿದ್ದ. ಬದಲಾವಣೆಯನ್ನು ಹಿಂತೆಗೆದರೆ ಸರ್ ಅಂದು ಕಂಡಿದ್ದ ತಪ್ಪು ಮರಳಿ ಬರಬಹುದು, ಉಳಿಸಿಕೊಂಡರೆ ಇಂದಿನ ತಪ್ಪು ಉಳಿಯುತ್ತದೆ. ಕೊನೆಗೆ ಆ ಸಾಲನ್ನು ಮುಟ್ಟದೆ, ವ್ಯತ್ಯಾಸವನ್ನು ಮತ್ತೆ ಕೂಡಿಸುವ ಇನ್ನೊಂದು ಸಾಲನ್ನು ಕೆಳಗೆ ಬರೆದು, ಮೇಲೆ ‘ದಯವಿಟ್ಟು ತೆಗೆಯಬೇಡಿ’ ಎಂಬ ಫಲಕ ತೂಗುಹಾಕಿ ಮನೆಗೆ ಹೋದೆವು.

ಮರುವಾರ ಸುಧಾರಣೆ ಜಾರಿಗೆ ಬಂತು. ಸಂದೇಶದಲ್ಲಿ ಕನಿಷ್ಠ 20 ಅಕ್ಷರಗಳಿರಬೇಕು ಮತ್ತು ಟಿಕೆಟ್ (ಪ್ರತಿ ದೋಷಕ್ಕೂ ಕೆಲಸಕ್ಕೂ ತೆರೆಯುವ ದಾಖಲೆ) ಸಂಖ್ಯೆ ಕಡ್ಡಾಯ ಎಂಬ ಆದೇಶ ಹೊರಟ ದಿನವೇ ‘ಫಿಕ್ಸ್ ಫಿಕ್ಸ್ ಫಿಕ್ಸ್ ಫಿಕ್ಸ್ ಫಿಕ್ಸ್ ಫಿಕ್ಸ್ ಫಿಕ್ಸ್’ ಎಂಬ ಭಜನೆ ಆರಂಭವಾಯಿತು. ಈಗಂತೂ ಸಂದೇಶ ಬರೆಯುವ ಕೆಲಸವನ್ನು ಎಐಗೇ ಒಪ್ಪಿಸಲಾಗಿದೆ. ‘ಸೊನ್ನೆ ಇದ್ದಲ್ಲಿ ಒಂದು ಎಂದು ಬದಲಿಸಿ ವ್ಯವಸ್ಥೆಯ ಸದೃಢತೆಯನ್ನು ಹೆಚ್ಚಿಸಲಾಗಿದೆ’ ಎಂದು ಅದು ಸನ್ಮಾನಪತ್ರದ ಧಾಟಿಯಲ್ಲಿ ಹತ್ತು ಸಾಲು ಬರೆಯುತ್ತದೆ. ಸೊನ್ನೆ ಒಂದಾದುದು ಕೋಡಿನಲ್ಲೇ ಕಾಣುತ್ತಿತ್ತು. ಏಕೆ ಆಯಿತೆಂದು ಎಐಗೆ ಯಾರೂ ಹೇಳಿರಲಿಲ್ಲ, ಪಾಪ.

ಮೊನ್ನೆ ಇನ್ನೊಂದು ತಪ್ಪಿನ ಜಾಡು ಹಿಡಿದು ಹೋದಾಗ, ಕಮಿಟ್‌ನಲ್ಲಿ ‘ವಿವರಗಳಿಗೆ ಟಿಕೆಟ್ ನೋಡಿ’ ಎಂಬ ಸಾಲಿನೊಂದಿಗೆ ಸಂಖ್ಯೆಯೂ ಇದ್ದುದನ್ನು ಕಂಡು ನಮಗೆ ಹಿಗ್ಗೋ ಹಿಗ್ಗು. ಟಿಕೆಟ್ ತೆರೆದೆವು. ಅದರ ಕಟ್ಟಕಡೆಯ ಷರಾ ಹೀಗಿತ್ತು: ‘ಪರಿಹರಿಸಲಾಗಿದೆ. ವಿವರಗಳಿಗೆ ಕಮಿಟ್ ನೋಡಿ.’