ರಾಜ ಕೊಟ್ಟ ಕೋಟು, ಸಿಪಾಯಿ ಕೊಟ್ಟ ಕಾಸು

18ನೇ ಶತಮಾನದ ಇಂಗ್ಲೆಂಡಿನ ರಾಜರು ಎಂಥ ಧಾರಾಳಿಗಳು ಗೊತ್ತಾ? ಕಾಲಾಳು ಸಿಪಾಯಿಗೆ ದಿನಕ್ಕೆ 8 ಪೆನ್ಸ್ ಸಂಬಳ. ಮೇಲೆ ಕೆಂಪು ಕೋಟು, ಟೋಪಿ, ಅಂಗಿ, ಬೂಟು, ಎಲ್ಲಾ ಸರ್ಕಾರದ್ದೇ. ಸರ್ಕಾರದ್ದು ಅಂದರೆ ಅವನ ಸಂಬಳದಲ್ಲೇ ಮುರಿದುಕೊಂಡದ್ದು.

8 ಪೆನ್ಸ್‌ನಲ್ಲಿ 6 ಹೊಟ್ಟೆಪಾಡಿಗೆ. ಉಳಿದ 2 ಪೆನ್ಸನ್ನು ಅವನು ಕಣ್ಣಲ್ಲೂ ನೋಡುವುದಿಲ್ಲ. ಅದರಲ್ಲಿ ಮೊದಲು ಪೂರ್ತಿ ಸಂಬಳದ ಲೆಕ್ಕಕ್ಕೆ ಪೌಂಡಿಗೆ 1 ಶಿಲ್ಲಿಂಗ್ ಕಡಿತ, ಅಂದರೆ ನೂರಕ್ಕೆ 5. ಆಮೇಲೆ ಮುದಿ ಸಿಪಾಯಿಗಳಿಗೆಂದು ರಾಜರು ದೊಡ್ಡ ಮನಸ್ಸು ಮಾಡಿ ಕಟ್ಟಿಸಿದ ಚೆಲ್ಸಿ ಆಸ್ಪತ್ರೆ ಅನ್ನೋ ಆಶ್ರಯಧಾಮಕ್ಕೆ ವರ್ಷಕ್ಕೆ ಒಂದು ದಿನದ ಸಂಬಳ, ಅದೂ ಸಿಪಾಯಿಯದೇ. ಆಮೇಲೆ ರೆಜಿಮೆಂಟಿನ (ದಂಡಿನ) ಹಣದ ಲೆಕ್ಕ ನೋಡುವ ಏಜೆಂಟನ ಪಾಲು. ಇಷ್ಟೆಲ್ಲಾ ಆಗಿ ಮಿಕ್ಕಿದ್ದು ಬಟ್ಟೆ ಹೊಲಿಸಲು ರೆಜಿಮೆಂಟಿನ ಒಡೆಯನಂತಿದ್ದ ಕರ್ನಲ್ ಕೈಗೆ. ಹೊಲಿಸಿ ಉಳಿದರೆ ಅದು ಕರ್ನಲ್ ಸಾಹೇಬರಿಗೇ. ಕಳ್ಳತನ ಅಂದ್ಕೋಬೇಡಿ, ಅದು ಅವರ ಹುದ್ದೆಯ ಒಪ್ಪಿತ ವರಮಾನ!

ಬಟ್ಟೆಯ ನಿಯಮ ಇನ್ನೂ ಸೊಗಸು. ಮೊದಲ ವರ್ಷ ಹೊಸ ಕೋಟು, ಅದರೊಳಗೆ ತೊಡಲು ಹೊಸ ವೇಸ್ಟ್‌ಕೋಟು. ಎರಡನೇ ವರ್ಷ ಕೋಟು ಮಾತ್ರ ಹೊಸದು, ವೇಸ್ಟ್‌ಕೋಟಿಗೆ ಹೋದ ವರ್ಷದ ಕೋಟನ್ನೇ ಕತ್ತರಿಸಬೇಕು. ಮಳೆ, ಕೆಸರು, ಮದ್ದಿನ ಹೊಗೆ ಎಲ್ಲಾ ಕಂಡ ಬಟ್ಟೆ ಈಗ ಎದೆಗೆ ಇನ್ನೂ ಹತ್ತಿರ. ರೆಜಿಮೆಂಟಿಗೆ ಹೆಸರೂ ಕರ್ನಲ್‌ನದೇ ಆಗಿತ್ತು. ಒಮ್ಮೆ ಇಬ್ಬರು ಹೊವಾರ್ಡ್‌ಗಳು ಕರ್ನಲ್ ಆಗಿ, ಯಾರ ಸಿಪಾಯಿ ಯಾರು ಅಂತ ತಿಳಿಯದೆ, ಕೋಟಿನ ಪಟ್ಟಿಯ ಬಣ್ಣ ನೋಡಿ ಒಂದು ದಂಡನ್ನು ‘ಹಸಿರು ಹೊವಾರ್ಡ್’ ಅಂತ ಕರೆದರು. 1751ರಲ್ಲಿ ರೆಜಿಮೆಂಟುಗಳಿಗೆ ನಂಬರ್ ಕೊಟ್ಟ ಮೇಲೆ ಈ ಫಜೀತಿ ತಪ್ಪಿತು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲ್ಲಿನ ಪೂಜಾರಿ ಪೇಮಾಸ್ಟರ್. ಸೈನ್ಯದ ಹಣ ಅವನ ಕೈಯಲ್ಲಿ ತಂಗುವಷ್ಟು ಕಾಲ ಅದನ್ನು ದುಡಿಸಿ ಬಂದ ಲಾಭ ಅವನದು. ಅಷ್ಟು ದುಡ್ಡು ಕೈಯಲ್ಲಿದ್ದಾಗ ಸಂಬಳ ಹಂಚಲು ಯಾರಿಗೆ ತಾನೇ ಆತುರ? 1705ರಿಂದ 1713ರವರೆಗೆ ಹೊರದೇಶದ ಸೈನ್ಯಕ್ಕೆ ಸಂಬಳ ಬಟವಾಡೆ ಮಾಡಿದ ಜೇಮ್ಸ್ ಬ್ರಿಡ್ಜಸ್, ಲಂಡನ್ ಹತ್ತಿರ ಕ್ಯಾನನ್ಸ್ ಅನ್ನೋ ಅರಮನೆಯಂಥ ಬಂಗಲೆ ಕಟ್ಟಿಸಿ, ಸಂಗೀತಕ್ಕೆ ಹೆಸರಾಂತ ಸಂಗೀತಗಾರ ಹ್ಯಾಂಡೆಲ್‌ನನ್ನೇ ಇಟ್ಟುಕೊಂಡಿದ್ದ. ಕಲಾಪೋಷಣೆಯಲ್ಲಿ ಸಿಪಾಯಿಯ ಪಾಲೂ ಇದೆ, ಪಾಪ ಅವನಿಗೆ ಟಿಕೆಟ್ ಸಿಕ್ಕಿರಲಿಲ್ಲ.

ನಮ್ಮ ಶ್ರೀರಂಗಪಟ್ಟಣಕ್ಕೂ ಈ ಕೋಟು ಬಂದಿದೆ. 1799ರಲ್ಲಿ ಟಿಪ್ಪುವಿನ ಮೇಲೆ ಬಂದ 33ನೇ ರೆಜಿಮೆಂಟನ್ನು ಇಲ್ಲಿ ನಡೆಸಿದವನು ಆರ್ಥರ್ ವೆಲ್ಲೆಸ್ಲಿ. ಅದರ ಕರ್ನಲ್ ಮಾತ್ರ ಕಾರ್ನ್‌ವಾಲಿಸ್. ಅವರು ಆಗ ಐರ್ಲೆಂಡ್ ಆಳುತ್ತಿದ್ದರು. ಕಾವೇರಿ ದಡದಲ್ಲಿ ಕೋಟು ಹರಿದರೆ ಕೇಳಬೇಕಾದದ್ದು ಡಬ್ಲಿನ್‌ನಲ್ಲಿ, ಅಷ್ಟೇ.

ನೂರು ವರ್ಷಕ್ಕೂ ಜಾಸ್ತಿ ಅಲುಗದ 8 ಪೆನ್ಸ್ 1797ರಲ್ಲಿ 1 ಶಿಲ್ಲಿಂಗ್, ಅಂದರೆ 12 ಪೆನ್ಸ್, ಆಯಿತು. ನೌಕಾಪಡೆಯವರು ದಂಗೆ ಎದ್ದ ಮೇಲೆ ನೆನಪಾಯಿತು ಅಂತ ಕಾಣುತ್ತದೆ. ಕರ್ನಲ್‌ಗಳ ಬಟ್ಟೆ ಲಾಭ ನಿಲ್ಲಿಸಲು 1850ರ ದಶಕದ ಕ್ರಿಮಿಯಾ ಯುದ್ಧವೇ ಬರಬೇಕಾಯಿತು. ಆಗಲೂ ಸರ್ಕಾರಕ್ಕೆ ಕರುಣೆ ಉಕ್ಕಿತು. ನಷ್ಟವಾಯಿತಲ್ಲ ಅಂತ ನಿಗದಿತ ಭತ್ಯೆ ಕೊಟ್ಟಿತು, ಕರ್ನಲ್‌ಗಳಿಗೆ.