ಐದು ಸ್ಟಾರ್ ಸರಿ, ಆದರೆ ಯಾವ ಜಾಗಕ್ಕೆ?

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಡಿಸೆಂಬರ್ ಬಂತೆಂದರೆ ಪಂದ್ಯಗಳಷ್ಟೇ ಆಟಗಾರರ ಆಯ್ಕೆಯೂ ಸುದ್ದಿಯಾಗುತ್ತದೆ. ಹೈಸ್ಕೂಲು ಮುಗಿಸಲಿರುವ ಹುಡುಗರು ತಾವು ಸೇರುವ ಕಾಲೇಜಿನೊಂದಿಗೆ ಸಹಿ ಹಾಕುತ್ತಾರೆ. 247ಸ್ಪೋರ್ಟ್ಸ್, ರೈವಲ್ಸ್‌ನಂಥ ಸಂಸ್ಥೆಗಳು ಪ್ರತಿಭೆಗೆ ತಕ್ಕಂತೆ ಅವರಿಗೆ ಕೊಟ್ಟ, ಐದರವರೆಗಿನ ಸ್ಟಾರ್‌ಗಳನ್ನು ಲೆಕ್ಕ ಹಾಕಿ ಕಾಲೇಜುಗಳಿಗೆ ರ‍್ಯಾಂಕ್ ಹಚ್ಚುತ್ತವೆ. ಸ್ಟಾರ್‌ಗಳೆಲ್ಲ ಬರೀ ಬುರುಡೆ ಎನ್ನುವವರ ಗುಂಪಿನವನು ನಾನಲ್ಲ. 2010ರ ದಶಕದಲ್ಲಿ ಚಾಂಪಿಯನ್ ಆದ ಅಲಬಾಮಾ, ಕ್ಲೆಮ್ಸನ್, ಒಹಾಯೊ ಸ್ಟೇಟ್ ತಂಡಗಳ ಸ್ಕಾಲರ್‌ಶಿಪ್ ಆಟಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಾಲ್ಕು ಅಥವಾ ಐದು ಸ್ಟಾರ್‌ನವರೇ ಆಗಿದ್ದರು. ನನ್ನ ತಕರಾರಿರುವುದು, ಆ ಹುಡುಗ ಮೈದಾನದಲ್ಲಿ ಯಾವ ಜಾಗದಲ್ಲಿ ಆಡುತ್ತಾನೆಂದು ಕೇಳದೆಯೇ ಅಂಕಗಳನ್ನು ಕೂಡಿಸುವ ಆ ಲೆಕ್ಕದ ಬಗ್ಗೆ.

ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಎನ್‌ಎಫ್‌ಎಲ್ ಡ್ರಾಫ್ಟಿನಲ್ಲಿ 2013ರದ್ದನ್ನೇ ನೋಡಿ. ಮೊದಲ ನಾಲ್ಕು ಆಯ್ಕೆಗಳಲ್ಲಿ ಮೂವರು, ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಪಕ್ಕದಿಂದ ನುಗ್ಗಿ ಬರುವವರನ್ನು ತಡೆಯುವ ಆಫೆನ್ಸಿವ್ ಟ್ಯಾಕಲ್‌ಗಳು. ಮೊದಲ ಸುತ್ತಿನಲ್ಲಿ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಒಬ್ಬನೂ ಇರಲಿಲ್ಲ. ಮೊದಲನೆಯವನಾಗಿ ಆಯ್ಕೆಯಾದ ಎರಿಕ್ ಫಿಶರ್ ಆಡಿದ್ದು ಸೆಂಟ್ರಲ್ ಮಿಷಿಗನ್‌ನಲ್ಲಿ, ಘಟಾನುಘಟಿ ತಂಡದಲ್ಲಲ್ಲ. ನಾಲ್ಕನೆಯವನಾದ ಲೇನ್ ಜಾನ್ಸನ್ ಎರಡು ವರ್ಷದ ಜೂನಿಯರ್ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವನು. ಓಕ್ಲಹೋಮಾಕ್ಕೆ ಬಂದ ಮೇಲೆ ಟೈಟ್ ಎಂಡ್, ಡಿಫೆನ್ಸಿವ್ ಎಂಡ್ ಎಂದು ಜಾಗ ಬದಲಿಸುತ್ತ, ಮೈತೂಕ ಹೆಚ್ಚಿಸಿಕೊಳ್ಳುತ್ತ ಕೊನೆಗೆ ಟ್ಯಾಕಲ್ ಆದ. ಹದಿನೇಳನೇ ವಯಸ್ಸಿನಲ್ಲಿ ಅವನಿಗೆ ಕೊಡುವ ಸ್ಟಾರ್‌ಗೆ ಏನು ಅರ್ಥವಿರುತ್ತಿತ್ತು?

ರನ್ನಿಂಗ್ ಬ್ಯಾಕ್‌ನ ವೇಗ, ತಿರುವು, ಕಣ್ಣಳತೆ ಹೈಸ್ಕೂಲಿನ ವಿಡಿಯೊದಲ್ಲಿಯೇ ಬಹುಮಟ್ಟಿಗೆ ಕಾಣುತ್ತವೆ. ಟ್ಯಾಕಲ್‌ನಂತೆ ಮುಂಸಾಲಿನಲ್ಲಿ ಎದುರಾಳಿಗೆ ಮುಖಾಮುಖಿ ನಿಲ್ಲುವ ಲೈನ್‌ಮನ್ ವಿಷಯದಲ್ಲಿ ಅದೇ ವಿಡಿಯೊ ಮೋಸ ಮಾಡುತ್ತದೆ, ಏಕೆಂದರೆ ನೂರಮೂವತ್ತು ಕಿಲೋ ತೂಗುವ ಹುಡುಗ ಎಂಬತ್ತು ಕಿಲೋದ ಹುಡುಗನನ್ನು ನೆಲಕ್ಕೆ ಕೆಡಹುವುದರಿಂದ ಅವನ ತೂಕ ತಿಳಿಯುತ್ತದೆಯೇ ಹೊರತು ಆಟವಲ್ಲ. ಎದುರಾಳಿಗೆ ತಾಕಿದ ಮೇಲೆಯೂ ಪಾದಗಳು ಚಲಿಸುತ್ತಿವೆಯೇ, ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ ಕೆಳಗಿಳಿಯಬಲ್ಲನೇ ಎಂಬುದನ್ನು ಗಮನಿಸಬೇಕು. ಪಾದಗಳ ಚುರುಕು ತಿಳಿಯಲೆಂದು ಅವನು ಬ್ಯಾಸ್ಕೆಟ್‌ಬಾಲ್ ಆಡುವುದನ್ನೂ ಒಮ್ಮೆ ನೋಡಿ ಬರುವ ಕೋಚ್‌ಗಳ ಜಾಣತನವನ್ನು ನಾನು ಮೆಚ್ಚುತ್ತೇನೆ.

ಜಾರ್ಜಿಯಾ 2021ರ ಋತುವಿನಲ್ಲಿ ಚಾಂಪಿಯನ್ ಆದಾಗ ಅದರ ಕ್ವಾರ್ಟರ್‌ಬ್ಯಾಕ್ ಸ್ಟೆಟ್ಸನ್ ಬೆನೆಟ್, ಮೊದಲು ಸ್ಕಾಲರ್‌ಶಿಪ್ ಇಲ್ಲದೆಯೇ ತಂಡ ಸೇರಿದ್ದವನು. ಅವನಿಗೆ ಬೆನ್ನೆಲುಬಾಗಿದ್ದ ರಕ್ಷಣಾ ಪಡೆಯಿಂದ ಮರುವರ್ಷದ ಡ್ರಾಫ್ಟಿನ ಮೊದಲ ಸುತ್ತಿಗೇ ಐವರು ಹೋದರು. ಅವರಲ್ಲಿ ಟ್ರೆವಾನ್ ವಾಕರ್ ಐದು ಸ್ಟಾರ್‌ನವನು. ಜೋರ್ಡಾನ್ ಡೇವಿಸ್ ಮಾತ್ರ ಮೂರೇ ಸ್ಟಾರ್‌ನವನು, ಆದರೂ 341 ಪೌಂಡಿನ ಆ ಮೈಯನ್ನು ಹೊತ್ತು 40 ಗಜವನ್ನು 4.78 ಸೆಕೆಂಡಿನಲ್ಲಿ ಓಡಿದವನು. ಇದರಿಂದ ಕ್ವಾರ್ಟರ್‌ಬ್ಯಾಕ್ ಮುಖ್ಯನಲ್ಲ ಎಂದಾಗುವುದಿಲ್ಲ. 2019ರಲ್ಲಿ ಕ್ವಾರ್ಟರ್‌ಬ್ಯಾಕ್ ಜೋ ಬರೋ ಎಲ್‌ಎಸ್‌ಯು (ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) ತಂಡವನ್ನು ಚಾಂಪಿಯನ್ ಮಾಡಿದ್ದನ್ನು ಮರೆಯಲಾದೀತೆ? ಆದರೆ ಆ ಬರೋ ಕೂಡ ಒಹಾಯೊ ಸ್ಟೇಟ್‌ನಲ್ಲಿ ಅವಕಾಶ ಸಿಗದೆ ಬಂದವನು. ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಒಮ್ಮೆಗೆ ಒಬ್ಬನೇ ಆಡುವುದರಿಂದ ಇಬ್ಬರು ಐದು ಸ್ಟಾರ್‌ನವರನ್ನು ತಂದರೆ ಬಲ ಇಮ್ಮಡಿಯಾಗುವುದಿಲ್ಲ. ಕಾಲೇಜು ಬದಲಿಸಬಯಸುವವರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲಂತೂ ಎರಡನೆಯವನು ವರ್ಷದೊಳಗೇ ಗಂಟುಮೂಟೆ ಕಟ್ಟುತ್ತಾನೆ.

ಆದ್ದರಿಂದ ಸಹಿಯ ಪಟ್ಟಿ ಬಂದಾಗ ನಾನು ರ‍್ಯಾಂಕ್ ನೋಡುವುದಕ್ಕೆ ಮೊದಲು ಟ್ಯಾಕಲ್‌ಗಳೆಷ್ಟು, ರಕ್ಷಣಾ ಪಡೆಯ ಮುಂಸಾಲಾದ ಡಿಫೆನ್ಸಿವ್ ಲೈನ್‌ನವರೆಷ್ಟು ಎಂದು ಎಣಿಸುತ್ತೇನೆ. ಆ ಎರಡೂ ಕಡೆ ಒಬ್ಬಿಬ್ಬರೇ ಇದ್ದು ಉಳಿದ ಸ್ಟಾರ್‌ಗಳೆಲ್ಲ ಎಸೆದ ಚೆಂಡು ಹಿಡಿಯುವ ರಿಸೀವರ್ ಮತ್ತು ರನ್ನಿಂಗ್ ಬ್ಯಾಕ್‌ಗಳ ಪಾಲಾಗಿದ್ದರೆ, ಆ ಕಾಲೇಜು ಐದನೇ ರ‍್ಯಾಂಕಿನಲ್ಲಿದ್ದರೂ ನನ್ನ ಲೆಕ್ಕದಲ್ಲಿ ಹದಿನೈದರ ಆಚೆ.